ಫೋನಲ್ಲಿ ಮಾತು ಕೊಡಬೇಡಿ: ಕಾರ್ಡ್ ಸಾಲ, ರಿಕವರಿಯವರು, ಮತ್ತೆ ನಾವು

(ಮಂಡ್ಯದಲ್ಲಿ ನೂರಡಿ ರಸ್ತೆ ಹತ್ರ ಒಂದು ಸಣ್ಣ ಹಾಲಲ್ಲಿ ಭಾನುವಾರ ಬೆಳಿಗ್ಗೆ ಮಾತಾಡಿದ್ದು. ಸ್ನೇಹಿತರೊಬ್ರು ಫೋನಲ್ಲಿ ರೆಕಾರ್ಡ್ ಮಾಡಿದ್ರು, ಅದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ. ಫ್ಯಾನ್ ಸದ್ದಲ್ಲಿ ಕೆಲವು ಕಡೆ ನನ್ನ ದನಿ ನನಗೇ ಕೇಳಿಸ್ಲಿಲ್ಲ, ಅಲ್ಲೆಲ್ಲ ನೆನಪಿದ್ದಷ್ಟು ಬರ್ದಿದೀನಿ.)

ಎಲ್ರಿಗೂ ನಮಸ್ಕಾರ. ಮೊದಲೇ ಒಂದು ವಿಷ್ಯ ಹೇಳ್ಬಿಡ್ತೀನಿ, ಆಮೇಲೆ ಗೊತ್ತಾಗಿ ಬೈಕೊಳ್ಳೋದು ಬೇಡ. ನಾನು ಆ ಕಡೆಯವನು. ಮೈಸೂರಲ್ಲಿ ಒಂದು ಕಲೆಕ್ಷನ್ ಏಜೆನ್ಸಿಲಿ ಒಂದೂಕಾಲು ವರ್ಷ ಹೆಡ್‌ಸೆಟ್ ಹಾಕ್ಕೊಂಡು ಕೂತಿದ್ದೋನು, "ಸಾರ್ ನಿಮ್ಮ ಕ್ರೆಡಿಟ್ ಕಾರ್ಡ್ ಪೇಮೆಂಟ್ ಬಾಕಿ ಇದೆ, ಯಾವಾಗ ಕಟ್ತೀರಾ" ಅಂತ ದಿನಕ್ಕೆ ನೂರಾರು ಜನಕ್ಕೆ ಕೇಳಿದೋನು. ಅದನ್ನ ಬಿಟ್ಟ ಮೂರು ವರ್ಷಕ್ಕೆ ನಾನೇ ಎರಡು ಕಾರ್ಡ್ ಬಾಕಿ ಮಾಡ್ಕೊಂಡೆ. ಒಂದ್ರಲ್ಲಿ 38,000, ಇನ್ನೊಂದ್ರಲ್ಲಿ ಹತ್ತತ್ರ ಒಂದು ಲಕ್ಷ. ಅಪ್ಪನ ಮಂಡಿ ಆಪರೇಷನ್ನು, ಅದರ ಹಿಂದೆನೇ ನನ್ನ ಕೆಲಸ ಹೋಗಿದ್ದು, ಎಲ್ಲ ಒಟ್ಟಿಗೆ ಬಂತು. ಒಂದಿನ ಫೋನ್ ಬಂತು, ಆ ಕಡೆ ಹುಡುಗ ಮಾತಾಡ್ತಾ ಇದಾನೆ, ನಾನು ಇಲ್ಲಿ ಅವನ ಮುಂದಿನ ವಾಕ್ಯ ಏನು ಅಂತ ಮನಸ್ಸಲ್ಲೇ ಹೇಳ್ಕೊತಾ ಇದೀನಿ, ಯಾಕಂದ್ರೆ ನಮ್ಮ ಟೀಮ್ ಲೀಡರ್ ಬರೆಸಿದ್ದ ಸಾಲುಗಳೂ ಹೆಚ್ಚೂಕಮ್ಮಿ ಅವೇ. ಆದ್ರೂ ಕೈ ನಡುಗ್ತು ಕಣ್ರಿ. ಒಳಗಿನ ಗುಟ್ಟೆಲ್ಲ ಗೊತ್ತಿದ್ದೋನಿಗೇ ನಡುಗ್ತು ಅಂದ್ರೆ ಗೊತ್ತಿಲ್ದೇ ಇರೋರ ಕಥೆ ಏನಿರಬೇಕು ಅಂತ ಅನ್ನಿಸಿದ್ದು ಆವತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ಹೇಳೋಕೆ ನಾನು ಬಂದಿಲ್ಲ. ಅದನ್ನ ಹೇಳೋಕೆ ಮನೇಲಿ ದೊಡ್ಡಪ್ಪ ಚಿಕ್ಕಪ್ಪ ಎಲ್ಲ ಇದಾರೆ. ನಂದು ಒಂದೇ ಮಾತು. ರಿಕವರಿಯವರ ಫೋನ್ ಒಂದು ವಿಷ್ಯ, ಸಾಲ ಹೆಂಗೆ ತೀರಿಸ್ಬೇಕು ಅನ್ನೋ ಲೆಕ್ಕ ಇನ್ನೊಂದು ವಿಷ್ಯ. ಎರಡನ್ನೂ ಒಂದೇ ಫೋನ್ ಕಾಲಲ್ಲಿ ಸೇರಿಸ್ಬೇಡಿ. ಹೆದ್ರಿಕೆಲಿ ಇರೋವಾಗ ಲೆಕ್ಕ ಮಾಡಿದ್ರೆ ಯಾವತ್ತೂ ಅವರಿಗೆ ಅನುಕೂಲ ಆಗೋ ಲೆಕ್ಕನೇ ಆಗೋದು.

ಆ ಕಡೆ ಏನು ನಡೆಯುತ್ತೆ ಅಂತ ಹೇಳ್ತೀನಿ. ನಿಮ್ಮ ಡ್ಯೂ ಡೇಟ್ ದಾಟಿ 30 ದಿನದೊಳಗೆ ಇದ್ರೆ ನೀವು ಒಂದನೇ ಬಕೆಟ್ಟು, 60ರ ತನಕ ಎರಡನೇದು, 90ರ ತನಕ ಮೂರನೇದು. ಬಕೆಟ್ ಅಂತಾನೇ ಕರೆಯೋದು, ಮನುಷ್ಯರನ್ನ ಬಕೆಟ್ಟಲ್ಲಿ ಹಾಕೋದು. ಒಂದನೇ ಬಕೆಟ್ಟಲ್ಲಿ ದನಿ ಬೆಲ್ಲದ ಥರ ಇರುತ್ತೆ, ಮೂರನೇದಕ್ಕೆ ಬರೋ ಹೊತ್ತಿಗೆ ಅದೇ ಬೆಲ್ಲ ಸೀದ್ಹೋಗಿರುತ್ತೆ. 90 ದಿನ ದಾಟಿದ್ರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಎನ್‌ಪಿಎ, ಅಂದ್ರೆ ವಸೂಲಾಗದ ಸಾಲ. ಅದ್ಕೇ 25ನೇ ತಾರೀಖಿಂದ ತಿಂಗಳ ಕೊನೆ ತನಕ ಫೋನ್ ಜಾಸ್ತಿ. ಅವರ ಟಾರ್ಗೆಟ್ ಮುಗಿಯೋದು ಆವಾಗ, ನಿಮ್ಮ ಮೇಲೆ ಆವತ್ತು ಹೊಸ್ದಾಗಿ ಸಿಟ್ಟು ಬಂದಿರಲ್ಲ.

ಫೋನ್ ಮಾಡಿದ ಹುಡುಗನಿಗೆ ನಿಮ್ಮಿಂದ ಬೇಕಿರೋದು ಒಂದೇ, ಪಿಟಿಪಿ. ಪ್ರಾಮಿಸ್ ಟು ಪೇ. "ಶುಕ್ರವಾರ ಐದು ಸಾವಿರ ಹಾಕ್ತೀನಿ" ಅಂತ ನಿಮ್ಮ ಬಾಯಲ್ಲಿ ಬರಬೇಕು, ಅವನು ಅದನ್ನ ಸಿಸ್ಟಮ್ಮಲ್ಲಿ ಎಂಟ್ರಿ ಮಾಡ್ಬೇಕು. ನಮ್ಮ ಮಂಡ್ಯ ಕಡೆ ಜನಕ್ಕೆ ಇಲ್ಲೇ ಪೆಟ್ಟು ಬೀಳೋದು, ಯಾಕಂದ್ರೆ ನಮಗೆ ಫೋನ್ ಇಟ್ರೆ ಸಾಕು ಅನ್ನಿಸಿ ಏನೋ ಒಂದು ತಾರೀಖು ಹೇಳ್ಬಿಡ್ತೀವಿ, ಆಮೇಲೆ ಮಾತು ಕೊಟ್ಬಿಟ್ನಲ್ಲ ಅಂತ ಒದ್ದಾಡ್ತೀವಿ, ಕೈಸಾಲ ಮಾಡಿ ಐದು ಸಾವಿರ ಹಾಕ್ತೀವಿ, ಅದು ಬಡ್ಡಿಗೇ ಹೋಗುತ್ತೆ. ಹಾಕ್ಲಿಲ್ಲ ಅಂದ್ರೆ ಅದಕ್ಕೆ ಬ್ರೋಕನ್ ಪಿಟಿಪಿ ಅಂತಾರೆ, ಮುಂದಿನ ಫೋನ್ ಜೋರಾಗೇ ಬರುತ್ತೆ. ಅದ್ಕೇ ತಾರೀಖು ಹೇಳ್ಬೇಡಿ. "ನಿಮ್ಮ ಹೆಸರು ಹೇಳಿ, ಯಾವ ಏಜೆನ್ಸಿ ಹೇಳಿ, ನಾನು ಬ್ಯಾಂಕಿಗೆ ಮೇಲ್ ಮಾಡಿದೀನಿ, ಅವರ ಉತ್ರ ಬಂದ್ಮೇಲೆ ಅದರ ಪ್ರಕಾರ ಕಟ್ತೀನಿ" ಇಷ್ಟೇ. ಹತ್ತು ಸಲ ಕೇಳಿದ್ರೂ ಇಷ್ಟೇ. ಬೈಬೇಡಿ, ಅಳಬೇಡಿ, ಮನೆ ಕಷ್ಟ ಎಲ್ಲ ಬಿಚ್ಚಿ ಹೇಳ್ಬೇಡಿ, ಅದನ್ನ ನೋಟ್ಸಲ್ಲಿ ಬರ್ಕೊಂಡು ಮುಂದಿನ ಸಲ ಮತ್ತೆ ಎತ್ತಾಡ್ತಾರೆ. ನಾನೂ ಬರ್ಕೊಂಡಿದೀನಿ.

ಒಂದು ಹೇಳ್ಬಿಡ್ಲಾ, ಇದು ನನ್ನ ತಲೇಲಿ ಇನ್ನೂ ಕೂತಿದೆ. ಒಂದ್ಸಲ ಶ್ರೀರಂಗಪಟ್ಟಣದ ಆಚೆ ಒಂದು ಹಳ್ಳಿಗೆ ಫೋನ್ ಮಾಡ್ದೆ, ಒಂದು ಹುಡುಗ ಎತ್ತಿದ, ಎಂಟು ಒಂಬತ್ತು ವರ್ಷ ಇರಬೌದು. "ಅಪ್ಪ ಗದ್ದೆತಕ್ಕೆ ಹೋಗವ್ರೆ" ಅಂದ. ನಾನು ಸ್ಕ್ರಿಪ್ಟ್ ಪ್ರಕಾರ "ಬ್ಯಾಂಕಿಂದ ಮನೆಗೆ ಬರ್ತಾರೆ ಅಂತ ಅಪ್ಪಂಗೆ ಹೇಳು" ಅಂದೆ, ಸ್ವಲ್ಪ ಗಡುಸಾಗೇ. ಅವನು "ಎಷ್ಟೊತ್ಗೆ ಬತ್ತೀರಾ ಅಣ್ಣಾ, ಆರು ಗಂಟ್ಗೆ ಬಂದ್ರೆ ಅಪ್ಪ ಸಿಗ್ತರೆ" ಅಂದ, ನೆಂಟ್ರು ಬರ್ತಾರೆ ಅನ್ನೋ ಥರ. ನಾನು ಲೈನ್ ಕಟ್ ಮಾಡಿ ಟೀ ಕುಡಿಯೋಕೆ ಹೋದೆ, ಆವತ್ತು ಆಮೇಲೆ ಯಾರಿಗೂ ಫೋನ್ ಮಾಡ್ಲಿಲ್ಲ. ಆ ಮಗು ಹತ್ರ ಸಾಲದ ವಿಷ್ಯ ಎತ್ತಿದ್ದು ನಿಯಮ ಪ್ರಕಾರನೂ ತಪ್ಪು, ಹಂಗೂ ತಪ್ಪು.

ನಿಯಮ ಅಂದ್ನಲ್ಲ. ಆರ್‌ಬಿಐ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ, ಬಾಕಿ ಕೇಳೋಕೆ ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಂಗಿಲ್ಲ. ಬೈಯೋದು, ಬೆದರ್ಸೋದು, ಬೀದೀಲಿ ಮರ್ಯಾದೆ ಕಳೆಯೋದು, ಮನೆಯವ್ರು ಸ್ನೇಹಿತರ ತಂಟೆಗೆ ಹೋಗೋದು, ವಾಟ್ಸಾಪಲ್ಲಿ ಕೆಟ್ಟ ಮೆಸೇಜ್ ಹಾಕೋದು, ಯಾವುದೂ ಇಲ್ಲ. ಏಜೆಂಟ್ ಏನು ಮಾಡಿದ್ರೂ ಅದಕ್ಕೆ ಬ್ಯಾಂಕೇ ಜವಾಬ್ದಾರಿ, ಅದು ನಮ್ಮವರಲ್ಲ ಏಜೆನ್ಸಿಯವರು ಅಂತ ಬ್ಯಾಂಕ್ ಕೈ ತೊಳ್ಕೊಳ್ಳೋ ಹಂಗಿಲ್ಲ. ಮನೆಗೆ ಬಂದೋರ ಹತ್ರ ಗುರುತಿನ ಚೀಟಿ ಮತ್ತೆ ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಇರ್ಲೇಬೇಕು. ಬಾಗ್ಲಲ್ಲೇ ನಿಲ್ಸಿ ಕೇಳಿ, ಫೋಟೋ ತೆಗೀರಿ. ತೋರಿಸ್ಲಿಲ್ಲ ಅಂದ್ರೆ ಮಾತು ಅಲ್ಲಿಗೆ ಮುಗೀತು. ಒಳಗೆ ನುಗ್ಗಿದ್ರೆ, ಟಿವಿ ಗಾಡಿ ಎತ್ಕೊಂಡು ಹೋಗ್ತೀವಿ ಅಂದ್ರೆ 112. ಕ್ರೆಡಿಟ್ ಕಾರ್ಡ್ ಸಾಲಕ್ಕೆ ಯಾವ ವಸ್ತುನೂ ಅಡ ಇಲ್ಲ, ಕೋರ್ಟ್ ಆರ್ಡರ್ ಇಲ್ದೇ ಒಂದು ಸ್ಟೀಲ್ ಲೋಟನೂ ಮುಟ್ಟಂಗಿಲ್ಲ.

"ಅರೆಸ್ಟ್ ಮಾಡಿಸ್ತೀವಿ" ಅಂತಾರೆ. ಕಾರ್ಡ್ ಬಾಕಿ ಅನ್ನೋದು ಸಿವಿಲ್ ವಿಚಾರ, ದುಡ್ಡಿಲ್ದೇ ಕಟ್ಟೋಕೆ ಆಗ್ಲಿಲ್ಲ ಅಂತ ಪೊಲೀಸ್ನೋರು ಎಳ್ಕೊಂಡು ಹೋಗಲ್ಲ. ಆದ್ರೆ ಇಲ್ಲಿ ಹುಷಾರು, ಅರ್ಧ ತಿಳ್ಕೊಂಡು ಧೈರ್ಯ ಮಾಡ್ಬೇಡಿ. ಏಜೆಂಟ್ ಕೇಳ್ದ ಅಂತ ಚೆಕ್ ಬರ್ದು ಕೊಟ್ಟು ಅದು ಬೌನ್ಸ್ ಆದ್ರೆ ಸೆಕ್ಷನ್ 138, ಅದು ಕ್ರಿಮಿನಲ್ ಕೇಸು, ಎರಡು ವರ್ಷದ ತನಕ ಜೈಲು ಇದೆ. ಆಟೋ ಡೆಬಿಟ್ ಬೌನ್ಸ್ ಆದ್ರೂ 2007ರ ಪೇಮೆಂಟ್ ಕಾಯ್ದೆಲಿ ಅದೇ ಥರ ಇದೆ. ಅದ್ಕೇ ಹೆದ್ರಿಕೆಗೆ ಚೆಕ್ ಕೊಡೋ ಕೆಲಸ ಮಾತ್ರ ಮಾಡ್ಬೇಡಿ. ವಾಟ್ಸಾಪಲ್ಲಿ ಕೆಂಪು ಸೀಲ್ ಹಾಕಿ "ವಾರಂಟ್" ಅಂತ ಪಿಡಿಎಫ್ ಬಂದ್ರೆ ಅದು ಬೆದರುಬೊಂಬೆ, ಆದ್ರೆ ಲೋಕ ಅದಾಲತ್ ನೋಟಿಸೋ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ತೀರ್ಮಾನ ಮಾಡೋದು) ನೋಟಿಸೋ ಪೋಸ್ಟಲ್ಲಿ ಬಂದ್ರೆ ಡ್ರಾಯರಿಗೆ ಹಾಕ್ಬೇಡಿ, ಓದಿ, ಹೋಗಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಮಂಡ್ಯದಲ್ಲೂ ಮೈಸೂರಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100, ಹೆಣ್ಮಕ್ಕಳಿಗೆ ಆದಾಯ ಎಷ್ಟಿದ್ರೂ ಅಲ್ಲಿ ಕಾನೂನು ನೆರವು ಉಚಿತ.

(ಇಲ್ಲಿ ಒಬ್ರು ಹೋದ ವರ್ಷ ಮೈಕ್ರೋಫೈನಾನ್ಸ್ ಕಾನೂನು ಬಂತಲ್ಲ ಅದು ಇದಕ್ಕೆ ಬರಲ್ವಾ ಅಂತ ಕೇಳಿದ್ರು.) 2025ರ ಫೆಬ್ರವರಿಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂತು, ಹತ್ತು ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ, ಎಲ್ಲ ಇದೆ. ಆದ್ರೆ ಅದು ಮುಖ್ಯವಾಗಿ ನೋಂದಣಿ ಇಲ್ದೇ ಸಾಲ ಕೊಟ್ಟು ಮನೆ ಬಾಗ್ಲಿಗೆ ಬಂದು ಕಾಟ ಕೊಡೋರ ಮೇಲೆ ಕಣ್ಣಿಟ್ಟು ಮಾಡಿದ್ದು. ಬ್ಯಾಂಕ್ ಕಾರ್ಡಿಗೆ ಆರ್‌ಬಿಐ ದಾರಿನೇ ಹಿಡೀರಿ. ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು, ಕಾಲ್ ಬಂದ ಟೈಮು, ನಂಬರು, ರೆಕಾರ್ಡಿಂಗ್ ಸಮೇತ. 30 ದಿನದೊಳಗೆ ಉತ್ರ ಬರ್ಲಿಲ್ಲ, ಇಲ್ಲಾ ಬಂದ ಉತ್ರ ಸರಿ ಇಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್, ಅಂದ್ರೆ ಬ್ಯಾಂಕ್ ಮೇಲಿನ ದೂರು ವಿಚಾರಿಸೋ ಅಧಿಕಾರಿ, ಖರ್ಚಿಲ್ಲ, 14448ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಹೇಳ್ತಾರೆ. ಇನ್ನೊಂದು ಜನಕ್ಕೆ ಗೊತ್ತಿಲ್ಲ, ನಿಮ್ಮ ದೂರು ಬ್ಯಾಂಕಲ್ಲಿ ಇತ್ಯರ್ಥ ಆಗೋ ತನಕ ಆ ಕೇಸನ್ನ ರಿಕವರಿ ಏಜೆನ್ಸಿಗೆ ಕೊಡಬಾರ್ದು ಅಂತ 2008ರಿಂದಲೇ ಇದೆ, ಸುಮ್‌ಸುಮ್ನೆ ಪದೇ ಪದೇ ದೂರು ಕೊಡೋರನ್ನ ಬಿಟ್ಟು.

ಸರಿ, ಫೋನ್ ವಿಷ್ಯ ಸಾಕು. ಇನ್ನು ಲೆಕ್ಕ. ಇದೇ ಮುಖ್ಯ, ಇದಕ್ಕೇ ಜನ ನಿದ್ದೆ ಮಾಡೋದು, ಸ್ವಲ್ಪ ತಡ್ಕೊಳಿ.

ನಮ್ಮೂರಲ್ಲಿ ಬಡ್ಡಿ ಹೆಂಗೆ ಹೇಳ್ತೀವಿ? ಎರಡು ರೂಪಾಯಿ ಬಡ್ಡಿ, ಮೂರು ರೂಪಾಯಿ ಬಡ್ಡಿ. ನೂರಕ್ಕೆ ತಿಂಗಳಿಗೆ. ಮೂರು ರೂಪಾಯಿ ಬಡ್ಡಿಗೆ ಕೊಡೋನನ್ನ ಊರಲ್ಲಿ ಏನಂತ ಕರೀತಾರೆ ಅಂತ ನಾನು ಮೈಕಲ್ಲಿ ಹೇಳೋಕಾಗಲ್ಲ. ಈಗ ಕಾರ್ಡ್ ತಗೊಳಿ, ಬಹಳಷ್ಟು ಕಾರ್ಡಲ್ಲಿ ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್ ಆಸುಪಾಸು. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅಲ್ಲಿಗೆ ನಾಲ್ಕು ರೂಪಾಯಿ ಹದಿಮೂರು ಪೈಸೆ ಬಡ್ಡಿ ಆಯ್ತು. ಟೈ ಕಟ್ಕೊಂಡು ಏಸಿಲಿ ಕೂತು ಕೊಟ್ರೂ ಅದು ನಾಲ್ಕು ರೂಪಾಯಿ ಬಡ್ಡಿನೇ ಕಣ್ರಪ್ಪಾ! ವರ್ಷಕ್ಕೆ 30 ಪರ್ಸೆಂಟ್ ಮೇಲೆ ಹಾಕಬಾರ್ದು ಅಂತ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು, ಅದನ್ನ ಸುಪ್ರೀಂ ಕೋರ್ಟ್ 2024ರ ಡಿಸೆಂಬರಲ್ಲಿ ತೆಗೆದು ಹಾಕ್ತು. ಅಲ್ಲಿಗೆ ಆ ಆಸೆನೂ ಹೋಯ್ತು.

ಒಂದು ಲಕ್ಷ ಬಾಕಿ ಇದೆ ಅಂತಿಟ್ಕೊಳಿ. ತಿಂಗಳ ಬಡ್ಡಿ 3,500, ಜಿಎಸ್‌ಟಿ 630, ಒಟ್ಟು 4,130. ಮಿನಿಮಮ್ ಡ್ಯೂ, ಅಂದ್ರೆ ಆ ತಿಂಗಳು ಕನಿಷ್ಠ ಕಟ್ಲೇಬೇಕಾದ್ದು, 5 ಪರ್ಸೆಂಟ್ ಅಂತಿಟ್ಕೊಂಡ್ರೆ 5,000. ನೀವು ಕಷ್ಟಪಟ್ಟು 5,000 ಕಟ್ತೀರಾ, ಅಸಲಿಗೆ ಹೋಗೋದು 870 ರೂಪಾಯಿ. ನಾನು ಏಳು ತಿಂಗಳು ಹಂಗೇ ಕಟ್ದೆ, ಜವಾಬ್ದಾರಿ ಮನುಷ್ಯ ಅಂತ ನನಗೆ ನಾನೇ ಶಭಾಷ್ ಹೇಳ್ಕೊಂಡು. ಏಳನೇ ತಿಂಗಳು ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟು ನೋಡ್ದೆ, ಅದೇ ಒಂದು ಲಕ್ಷದ ಹತ್ರಾನೇ ನಿಂತಿದೆ, ಯಾಕಂದ್ರೆ ಮಧ್ಯೆ ಪೆಟ್ರೋಲಿಗೆ ದಿನಸಿಗೆ ಉಜ್ತಾ ಇದ್ದೆ. ಹಳೇ ಬಾಕಿ ಉಳಿದಿದ್ರೆ ಹೊಸ ಖರೀದಿಗೆ ಆ 45-50 ದಿನದ ಬಡ್ಡಿ ಇಲ್ದೇ ಇರೋ ಸೌಲಭ್ಯ ಇರಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ. ಇದು ನನಗೆ, ಕಲೆಕ್ಷನ್ನಲ್ಲಿ ಕೆಲಸ ಮಾಡಿದೋನಿಗೆ, ಗೊತ್ತಿರ್ಲಿಲ್ಲ! ಹೆದರ್ಸೋದು ಹೇಳಿಕೊಟ್ಟಿದ್ರು, ಬಡ್ಡಿ ಲೆಕ್ಕ ಯಾರೂ ಹೇಳಿಕೊಟ್ಟಿರ್ಲಿಲ್ಲ.

ಹಂಗಾಗಿ ಮೊದಲ ಕೆಲಸ, ಕಾರ್ಡ್ ಬೀರುಲಿ ಸೀರೆ ಕೆಳಗೆ ಇಡಿ, ಫೋನ್ ಆಪ್‌ಗಳಿಂದಲೂ ಅಳಿಸಿ. ಆಮೇಲೆ ಒಂದು ಹಾಳೆ ತಗೊಂಡು ಮನೆಗೆ ಬರೋದು, ಅಕ್ಕಿ ಬಾಡಿಗೆ ಸ್ಕೂಲ್ ಫೀಸು ಹೋಗೋದು, ಉಳಿಯೋದು ಬರೀರಿ. ಹೆಂಡ್ತಿಗೋ ಗಂಡಂಗೋ ಗೊತ್ತಿಲ್ದೇ ಬರಿಯೋಕೆ ಹೋಗ್ಬೇಡಿ, ನಾನು ಮುಚ್ಚಿಟ್ಟು ಮೂರು ತಿಂಗಳು ಬಚ್ಚಲು ಮನೇಲಿ ನಿಂತು ಫೋನ್ ಮಾತಾಡಿದೀನಿ, ಅದೇ ಸಾಲಕ್ಕಿಂತ ದೊಡ್ಡ ಹಿಂಸೆ. ಆ ಉಳಿಯೋ ದುಡ್ಡೇ ನಿಮ್ಮ ಕಂತು, ಏಜೆಂಟ್ ಹೇಳಿದ್ದಲ್ಲ.

ಸಂಬಳ ಬರ್ತಾ ಇದೆ ಅಂದ್ರೆ ಬ್ಯಾಂಕಿಗೆ ನೀವೇ ಫೋನ್ ಮಾಡಿ, ಬಾಕಿನ ಇಎಂಐ ಮಾಡ್ಕೊಡಿ ಅಂತ ಕೇಳಿ. ಬಕೆಟ್ ಮೂರಕ್ಕೆ ಹೋಗೋ ಮುಂಚೆನೇ ಕೇಳ್ಬೇಕು, ಕಾರ್ಡ್ ಬ್ಲಾಕ್ ಆದ್ಮೇಲೆ ಈ ಬಾಗ್ಲು ಸುಲಭಕ್ಕೆ ತೆಗಿಯಲ್ಲ. ಉದಾಹರಣೆಗೆ ವರ್ಷಕ್ಕೆ 16 ಪರ್ಸೆಂಟಲ್ಲಿ ಒಂದು ಲಕ್ಷನ ಎರಡು ವರ್ಷಕ್ಕೆ ಹಾಕಿದ್ರೆ ತಿಂಗಳಿಗೆ 4,896 ಬರುತ್ತೆ, ಎರಡು ವರ್ಷದ ಬಡ್ಡಿ 17,500 ಚಿಲ್ರೆ, ಅದರ ಮೇಲೆ ಜಿಎಸ್‌ಟಿ ಮೂರು ಸಾವಿರ ಚಿಲ್ರೆ, ಪ್ರೊಸೆಸಿಂಗ್ ಫೀ ಬೇರೆ. ನೋಡಿ, ಮಿನಿಮಮ್ ಕಟ್ತಿದ್ದ ಅದೇ ಐದು ಸಾವಿರದ ಹತ್ರದ ದುಡ್ಡಲ್ಲಿ ಸಾಲನೇ ಮುಗಿದು ಹೋಗುತ್ತೆ. ಬರೀ ಬಡ್ಡಿ ಕಟ್ಕೊಂಡು ಹೋದ್ರೆ ವರ್ಷಕ್ಕೇ 49,560. ಒಂದು ವರ್ಷಕ್ಕೆ ಹಾಕಿದ್ರೆ ಕಂತು 9,073, ಬಡ್ಡಿ ಇನ್ನೂ ಕಮ್ಮಿ, ಆದ್ರೆ ಒಂದು ಕಂತು ತಪ್ಪಿದ್ರೆ ಮತ್ತೆ ಅದೇ ಗೋಳು, ಅದ್ಕೇ ನಾನು ಎರಡು ವರ್ಷಕ್ಕೇ ಹಾಕ್ಸಿದ್ದು.

ಚಿನ್ನ ಇದ್ರೆ? ಇದು ಮನೇಲಿ ಜಗಳ ತರೋ ವಿಷ್ಯ. ಲೆಕ್ಕ ಹೇಳೋದಾದ್ರೆ ಬ್ಯಾಂಕಲ್ಲಿ ಚಿನ್ನದ ಸಾಲ ಒಂದು ರೂಪಾಯಿ ಬಡ್ಡಿಗಿಂತ ಕಮ್ಮಿಗೆ ಸಿಗುತ್ತೆ, ನಾಲ್ಕು ರೂಪಾಯಿ ಬಡ್ಡಿ ತೀರಿಸೋಕೆ ಒಂದು ರೂಪಾಯಿ ಬಡ್ಡಿ ತರೋದು ದಡ್ಡತನ ಅಲ್ಲ. ನಾನು 38,000ದ ಕಾರ್ಡನ್ನ ಅಮ್ಮನ ಎರಡು ಬಳೆ ಇಟ್ಟೇ ತೀರ್ಸಿದ್ದು. ಆದ್ರೆ ಕಾರ್ಡ್ ಖಾಲಿ ಆಯ್ತು ಅಂತ ಮತ್ತೆ ಉಜ್ಜಿದ್ರೆ ಕಾರ್ಡ್ ಸಾಲನೂ ಇರುತ್ತೆ, ಬಳೆನೂ ಹರಾಜಿಗೆ ಹೋಗುತ್ತೆ. ನಂಬಿಕಸ್ಥ ಚೀಟಿ ಇದ್ರೆ ಎತ್ತಿ ಕಟ್ಟಬೌದು. ಆದ್ರೆ ಒಂದು ಕಾರ್ಡ್ ತೀರಿಸೋಕೆ ಇನ್ನೊಂದು ಕಾರ್ಡ್ ಉಜ್ಜಿ, ಅಂಗಡಿಯವನಿಗೆ ನೂರಕ್ಕೆ ಎರಡೋ ಮೂರೋ ಕಮಿಷನ್ ಕೊಟ್ಟು ಕ್ಯಾಶ್ ತಗೊಂಡು ರೊಟೇಷನ್ ಹೊಡೀತಾರಲ್ಲ, ಅದು ಬೇಡ. ಅದರಲ್ಲಿ ಉದ್ಧಾರ ಆದೋನು ಆ ಸ್ವೈಪ್ ಮಷೀನ್ ಅಂಗಡಿಯವನು ಒಬ್ಬನೇ.

ನಮ್ಮ ಕಡೆ ಇನ್ನೊಂದು ತೊಂದ್ರೆ, ಕಬ್ಬಿನ ಬಿಲ್ಲು ಯಾವಾಗ ಬರುತ್ತೋ ದೇವ್ರಿಗೇ ಗೊತ್ತು, ಕಾರ್ಡಿನ ಡ್ಯೂ ಡೇಟ್ ಮಾತ್ರ ತಪ್ಪದೇ ಬರುತ್ತೆ. ಬಿಲ್ಲಿಂಗ್ ಸೈಕಲ್, ಅಂದ್ರೆ ತಿಂಗಳ ಬಿಲ್ ತಯಾರಾಗೋ ತಾರೀಖು, ಒಂದ್ಸಲನಾದ್ರೂ ಬದಲಾಯಿಸಿಕೊಳ್ಳೋ ಅವಕಾಶ ಕೊಡಬೇಕು ಅಂತ ನಿಯಮ ಇದೆ, ಹಾಲಿನ ದುಡ್ಡೋ ಸಂಬಳನೋ ಬರೋ ತಾರೀಖಿಗೆ ಹೊಂದಿಸ್ಕೊಳಿ. ಡ್ಯೂ ಡೇಟ್ ಆಗಿ 3 ದಿನ ದಾಟೋ ತನಕ ಲೇಟ್ ಫೀ ಹಾಕೋ ಹಂಗಿಲ್ಲ, ಸಿಬಿಲ್‌ಗೂ (ನಮ್ಮ ಸಾಲದ ಚರಿತ್ರೆ ಬರೆದಿಟ್ಕೊಳ್ಳೋ ಕಂಪನಿ) ಹೇಳೋ ಹಂಗಿಲ್ಲ, ಆದ್ರೆ ಅದನ್ನೇ ನೆಚ್ಕೊಂಡು ಕೂರಬೇಡಿ. ಮತ್ತೆ ಕಾರ್ಡ್ ಕೊಟ್ಟ ಬ್ಯಾಂಕಲ್ಲೇ ನಿಮ್ಮ ಸೇವಿಂಗ್ಸ್ ಖಾತೆ ಇದ್ರೆ ಅದಕ್ಕೆ ಲೀನ್ ಹಾಕಿ, ಅಂದ್ರೆ ತೆಗೆಯೋಕೆ ಆಗ್ದಂಗೆ ತಡೆ ಹಾಕಿ, ದುಡ್ಡು ಹಿಡ್ಕೋಬೌದು, ಮನೆ ಖರ್ಚಿನ ದುಡ್ಡು ಬೇರೆ ಬ್ಯಾಂಕಲ್ಲಿರ್ಲಿ.

ಸೆಟಲ್‌ಮೆಂಟ್. ಏಜೆಂಟ್ "ಲಕ್ಷಕ್ಕೆ ನಲವತ್ತು ಕೊಡಿ, ಮುಗಿಸ್ಬಿಡೋಣ" ಅಂತಾನೆ, ಕಿವಿಗೆ ತಂಪಾಗಿರುತ್ತೆ. ಕೆಲಸನೇ ಇಲ್ಲ, ಕಾಯಿಲೆ, ಬೇರೆ ದಾರಿನೇ ಇಲ್ಲ ಅನ್ನೋರು ಮಾಡ್ಕೊಳಿ, ತಪ್ಪೇನಿಲ್ಲ. ಆದ್ರೆ ಸಿಬಿಲಲ್ಲಿ "ಕ್ಲೋಸ್ಡ್" ಅಂತ ಬರಲ್ಲ, "ಸೆಟಲ್ಡ್" ಅಂತ ಬರುತ್ತೆ, ವರ್ಷಗಟ್ಲೆ ಇರುತ್ತೆ, ನಾಳೆ ಮನೆ ಸಾಲಕ್ಕೆ ಹೋದ್ರೆ ಮ್ಯಾನೇಜರ್ ಅದನ್ನೇ ಮೊದಲು ನೋಡೋದು. ಮಾಡೋದಾದ್ರೂ ಬ್ಯಾಂಕಿನ ಲೆಟರ್‌ಹೆಡ್ಡಲ್ಲಿ ಮೊತ್ತ, ತಾರೀಖು, ಬಾಕಿ ಉಳಿದಿದ್ದು ಮನ್ನಾ ಅಂತ ಬರ್ಕೊಟ್ಟ ಮೇಲೆ, ಅದೂ ಬ್ಯಾಂಕಿಗೇ ನೇರವಾಗಿ. ಏಜೆಂಟ್‌ನ ಫೋನ್‌ಪೇ ನಂಬರಿಗೆ ಒಂದು ರೂಪಾಯಿನೂ ಬೇಡ. ನಮ್ಮ ಜೊತೆ ಒಬ್ಬ ಇದ್ದ, ಹಂಗೆ ಇಸ್ಕೊಂಡು ರಾತ್ರೋರಾತ್ರಿ ಕೆಲಸ ಬಿಟ್ಟು ಹೋದ, ಕಟ್ಟಿದೋರಿಗೆ ಮರುದಿನದಿಂದ ಮತ್ತೆ ಫೋನ್.

(ಆಮೇಲೆ ಪ್ರಶ್ನೆಗಳು. ಎಲ್ಲ ಬರೆಯಲ್ಲ, ಮೂರು ಬರೀತೀನಿ.)

ಹಿಂದಿನ ಸಾಲಿಂದ ಒಬ್ಬ ಅಮ್ಮ ಕೇಳಿದ್ರು, "ಮಗ ಬೆಂಗ್ಳೂರಲ್ಲವ್ನೆ, ಕಾರ್ಡು ಅವ್ನುದು, ಫೋನು ನಂಗೆ ಬತ್ತದೆ. ನಾನು ಕಟ್ಬೇಕಾ?" ಕಟ್ಟಬೇಕಿಲ್ಲಮ್ಮ. ನೀವು ಜಾಮೀನು ಹಾಕಿಲ್ಲ ಅಂದ್ಮೇಲೆ ಒಂದು ರೂಪಾಯಿನೂ ನಿಮ್ಮ ತಲೆ ಮೇಲಿಲ್ಲ. "ಅವನ ನಂಬರಿಗೇ ಮಾಡಿ, ನಂಗೆ ಮಾಡಂಗಿಲ್ಲ" ಅಂತ ಒಂದ್ಸಲ ಹೇಳಿ ಇಡಿ, ಮತ್ತೆ ಬಂದ್ರೆ ಮಗನ ಕೈಲಿ ಬ್ಯಾಂಕಿಗೆ ದೂರು ಹಾಕ್ಸಿ. ಆದ್ರೆ ಮಗಂಗೆ ಫೋನ್ ಮಾಡಿ ಬೈಯೋಕೆ ಮುಂಚೆ ಊಟ ಆಯ್ತಾ ಅಂತ ಕೇಳಿ ತಾಯಿ, ಅವನು ಯಾವ ಸ್ಥಿತೀಲಿದಾನೋ. ರಾತ್ರಿ ನಿದ್ದೆ ಇಲ್ದೇ ತಲೇಲಿ ಕೆಟ್ಟ ಯೋಚ್ನೆ ಬರೋರಿಗೆ 14416 ಟೆಲಿ ಮಾನಸ್ ಇದೆ, ದುಡ್ಡಿಲ್ಲ, ಯಾವ ಹೊತ್ತಲ್ಲಾದ್ರೂ ಮಾತಾಡ್ತಾರೆ.

ಇನ್ನೊಬ್ರು, ಗಂಡ ತೀರ್ಕೊಂಡಿದಾರೆ, ಕಾರ್ಡ್ ಬಾಕಿ ಇದೆ ಅಂದ್ರು. ಅವರು ಬಿಟ್ಟು ಹೋದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಬ್ಯಾಂಕ್ ಕೇಳಬೌದು, ನಿಮ್ಮ ಸ್ವಂತ ದುಡಿಮೆಯಿಂದ ಕಟ್ಟಬೇಕಿಲ್ಲ. ಮರಣ ಪ್ರಮಾಣಪತ್ರದ ಪ್ರತಿ ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ತಗೊಳಿ.

ಕೊನೇಲಿ ಒಬ್ಬ ಹುಡುಗ, "ಎಲ್ಲ ಕಟ್ಟಿದೀನಿ ಸಾರ್, ಕಾರ್ಡ್ ಕ್ಲೋಸ್ ಮಾಡ್ತಿಲ್ಲ, ದಿನಾ ಒಂದೊಂದು ಆಫರ್ ಹೇಳ್ತಾರೆ." ಬಾಕಿ ಇಲ್ಲ ಅಂದ್ರೆ ಕೇಳಿದ 7 ಕೆಲಸದ ದಿನದೊಳಗೆ ಕ್ಲೋಸ್ ಮಾಡ್ಲೇಬೇಕು, ತಡ ಆದ್ರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು. ಫೋನಲ್ಲಿ ಕೇಳ್ಬೇಡ, ಮೇಲ್ ಮಾಡು, ತಾರೀಖಿಗೆ ಸಾಕ್ಷಿ ಇರುತ್ತೆ. ಆದ್ರೆ ಒಂದು ಸಲ ಸ್ಟೇಟ್‌ಮೆಂಟ್ ನೋಡ್ಕೊ. ನಂದು ಕೊನೇ ಕಂತು ಕಟ್ಟಿ ಮುಗೀತು ಅಂತ ಮನೇಲಿ ಪಾಯಸ ಮಾಡ್ಸಿದ್ದೆ, ಮುಂದಿನ ತಿಂಗಳು 64 ರೂಪಾಯಿ ಬಿಲ್ ಬಂತು, ಸ್ಟೇಟ್‌ಮೆಂಟ್ ತಾರೀಖಿಂದ ಕಟ್ಟಿದ ತಾರೀಖಿನ ತನಕದ ಬಡ್ಡಿ. ಅದನ್ನ ಬಿಟ್ಟಿದ್ರೆ ಲೇಟ್ ಫೀ, ಅದಕ್ಕೆ ಜಿಎಸ್‌ಟಿ, ಮತ್ತೆ ಒಂದನೇ ಬಕೆಟ್ಟು. 64 ಕಟ್ಟಿ, ಮೇಲ್ ಹಾಕಿ, ಐದನೇ ದಿನಕ್ಕೆ ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಲೆಟರ್ ಬಂತು. ಪ್ರಿಂಟ್ ತೆಗ್ಸಿ ಅಮ್ಮನ ರೇಷನ್ ಕಾರ್ಡ್ ಕವರ್ ಒಳಗೆ ಇಟ್ಟಿದೀನಿ, ನಮ್ಮನೇಲಿ ಕಳೆದು ಹೋಗದೇ ಇರೋ ಜಾಗ ಅದೊಂದೇ.